ಸ್ಟ್ಯಾನ್ಮೋರಿನ ಕುಂಟ ನರಿಗೆ ಯಾವ ತೋಟಾ

ಅಡುಗೆಮನೆಯ ಬಾಗಿಲು

ಲಂಡನ್ನಿನ ಅಂಚಿನ ಸ್ಟ್ಯಾನ್ಮೋರಿನಲ್ಲಿ ನನ್ನ ಮೊದಲ ಬೆಳಗು ನರಿಯ ಮುಖದಿಂದ ಶುರುವಾಯಿತು. ವಿಮಾನದ ಮಂಪರು ಇನ್ನೂ ಇಳಿದಿರಲಿಲ್ಲ. ಗೆಳತಿ ಗಿರಿಜಾ ಭುಜ ಹಿಡಿದು ಅಲುಗಿಸಿ, "ಏಳೇ ನೀಲಾ, ಬೇಗ ಬಾ, ಬಂದದೆ" ಎಂದಳು. ಇಷ್ಟು ಬೆಳಗ್ಗೆ ಯಾರಪ್ಪಾ ನೆಂಟರು ಎಂದುಕೊಂಡು ನೈಟಿಯ ಮೇಲೆ ಶಾಲು ಎಳೆದುಕೊಂಡು ಕೆಳಗಿಳಿದರೆ, ಅಡುಗೆಮನೆಯ ಗಾಜಿನ ಬಾಗಿಲಿನಾಚೆ ಕೆಂಪು ನರಿಯೊಂದು ಸ್ಟೀಲ್ ತಟ್ಟೆಯ ಮುಂದೆ ನಿಂತು ಉದ್ದಿನ ವಡೆ ತಿನ್ನುತ್ತಿತ್ತು.

"ಮುಖ ನೋಡ್ಕೋ, ಮುಖ. ಬಂದ ಮೊದಲ್ನೇ ದಿನಾನೇ ಸಿಕ್ತಲ್ಲ, ಪುಣ್ಯವಂತೆ ಕಣೆ ನೀನು."

ಯಾರಿಗಾದರೂ ಕೆಲಸ ಸಲೀಸಾಗಿ ಆದರೆ "ಇವತ್ತು ನರಿ ಮುಖ ನೋಡಿ ಎದ್ದಿದ್ದೆಯೇನು" ಎಂದು ನಾವೆಲ್ಲ ಕೇಳುತ್ತೇವೆ. ಕೇಳಿ ಮರೆಯುತ್ತೇವೆ. ಮಂಡ್ಯದ ಗಿರಿಜಾ ಅದನ್ನು ಮರೆತಿರಲಿಲ್ಲ, ಸಾಮಾನಿನ ಜೊತೆ ಕಟ್ಟಿಕೊಂಡು ತಂದಿದ್ದಳು. ನಮ್ಮ ನರಿ ಬೂದುಗಂದು ಬಣ್ಣದ್ದು, ಮನುಷ್ಯರ ವಾಸನೆಗೇ ಓಡುವಂಥದ್ದು. ಇಲ್ಲಿಯದು ಕೆಂಪಗೆ, ಬಾಲದ ತುದಿಗೆ ಸುಣ್ಣ ಅದ್ದಿದ ಹಾಗೆ ಬಿಳಿ, ಬಸ್ ಸ್ಟಾಪಿನಲ್ಲಿ ಜನರ ಪಕ್ಕದಲ್ಲೇ ನಡೆದು ಹೋಗುತ್ತದೆ. ಗಿರಿಜಾಳ ನಂಬಿಕೆಗೆ ಬಣ್ಣದ ತಕರಾರಿರಲಿಲ್ಲ.

ನಾನು ಮುಖಕ್ಕಿಂತ ಮೊದಲು ಕಾಲು ನೋಡಿದೆ. ಕುರಿಯವರ ಮನೆಯಲ್ಲಿ ಹುಟ್ಟಿದವರ ಅಭ್ಯಾಸ ಅದು. ಯಾವ ಪ್ರಾಣಿ ಎದುರು ಬಂದರೂ ಕಣ್ಣು ಕಾಲಿಗೆ ಹೋಗುತ್ತದೆ. ನರಿ ಮುಂದಿನ ಎಡಗಾಲನ್ನು ನೆಲಕ್ಕೆ ಊರುತ್ತಿರಲಿಲ್ಲ. ಕಾಲು ಮಡಚಿ ಎದೆಗೆ ಹಿಡಿದುಕೊಂಡು ಮೂರೇ ಕಾಲಿನಲ್ಲಿ ನಿಂತಿತ್ತು.

"ಕುಂಟತೈತಲ್ಲವಾ ಇದು."

"ಹೋದ ವರ್ಷ ಚೆನ್ನಾಗಿತ್ತು. ಚಳಿಗಾಲಕ್ಕೆ ಮುಂಚೆ ಒಂದ್ ದಿನ ಹಿಂಗೆ ಬಂತು. ಅಂದಿಂದ ಏನಾದ್ರೂ ಇಟ್ಟೇ ಇಡ್ತೀನಿ. ಪಾಪ, ಇದೇನ್ ಹಿಡ್ಕೊಂಡ್ ತಿಂದಾತು?"

ನಾನು ಕುಷ್ಟಗಿ ಕಡೆಯವಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಕುರಿ ಮುಂದೆ ಬಿಟ್ಟುಕೊಂಡು, ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಓದಿದವಳು. ಇದನ್ನು ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಈಗ ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಗಿರಿಜಾ ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ರೂಮಿನವಳು. ಎರಡು ವರ್ಷದ ಹಿಂದೆ ಅವಳಿಗೆ ಎದೆಯ ಆಪರೇಷನ್ ಆಗಿತ್ತು. ಅಲ್ಲಿಂದ ಆಗಾಗ ಸ್ಕ್ಯಾನ್ ಮಾಡಿಸಬೇಕು. ಹಿಂದಿನ ಎರಡು ಸ್ಕ್ಯಾನಿನ ಬೆಳಗ್ಗೆಯೂ ಈ ನರಿಯ ಮುಖ ನೋಡಿ ಹೋಗಿದ್ದಳಂತೆ, ಎರಡು ಸಲವೂ ರಿಪೋರ್ಟ್ ಒಳ್ಳೆಯದು ಬಂದಿತ್ತಂತೆ. ಮುಂದಿನದು ಬರುವ ಗುರುವಾರ. "ಈ ಸಲ ಯಾಕೋ ಧೈರ್ಯ ಇಲ್ಲ, ಬಾರೇ" ಎಂದು ಕರೆದದ್ದಕ್ಕೇ ನಾನು ರಜೆಯಲ್ಲಿ ಇಲ್ಲಿಗೆ ಬಂದದ್ದು. ಲಂಡನ್ ಸೇತುವೆ, ರಾಣಿಯ ಅರಮನೆ ನೋಡಲು ಬಂದವರ ಬರಹಗಳು ಬೇಕಾದಷ್ಟಿವೆ. ನಾನು ಅವೆರಡನ್ನೂ ಬಸ್ಸಿನ ಕಿಟಕಿಯಿಂದಷ್ಟೇ ನೋಡಿದೆ.

ಅಷ್ಟರಲ್ಲಿ ಗಿರಿಜಾಳ ಗಂಡ ವಾಸುದೇವ ಶೆಟ್ಟರು ಮೊಬೈಲ್ ನೋಡುತ್ತಾ ಮೆಟ್ಟಿಲಿಳಿದರು. ಕುಂದಾಪುರದವರು, ಪಕ್ಕದ ಕಿಂಗ್ಸ್‌ಬರಿಯಲ್ಲಿ ಹೋಟೆಲ್ ಇಟ್ಟಿದ್ದಾರೆ. ನರಿ ತಿನ್ನುತ್ತಿದ್ದ ವಡೆ ಹಿಂದಿನ ಸಂಜೆ ಅಲ್ಲಿ ಉಳಿದದ್ದು.

"ಹ್ವಾಯ್ ನೀಲಕ್ಕ, ನಿದ್ರೆ ಬಂತಾ? ನೀವ್ ಫಿಸಿಕ್ಸ್ ಮೇಡಂ ಅಲ್ದಾ? ಇಲ್ ಕಾಣಿ, ಇದ್ರಲ್ಲಿ ಯಾವ್ದ್ ಒಳ್ಳೇದು?"

ಮೊಬೈಲಿನಲ್ಲಿ ನಾಲ್ಕು ಬಗೆಯ ಬಂದೂಕಿನ ತೋಟಾಗಳ ಚಿತ್ರವಿತ್ತು.

"ಯಾತಕ್ರಿ?"

"ನರಿಗೆ."

ನಾನು ಗಾಜಿನಾಚೆ ನೋಡಿದೆ. ಶೆಟ್ಟರು ಗಹಗಹಿಸಿ ನಕ್ಕರು. "ಇದಕ್ಕಲ್ಲ ಮರ್ರೆ! ಇದು ಮನೆ ನರಿ, ಪಾಪದ್ದು. ನಾನ್ ಹೇಳೂದು ಹೊಲದ್ ನರಿ."

"ಹೆಂಡ್ತಿ ವಡೆ ಇಡೋದು, ಗಂಡ ಗುಂಡು ಹುಡ್ಕೋದು. ಇಂಥ ಸಂಸಾರ ಎಲ್ಲಾದ್ರೂ ನೋಡಿದ್ದೀಯೇನೇ?" ಎಂದು ಗಿರಿಜಾ ತಟ್ಟೆಗೆ ಇನ್ನೊಂದು ವಡೆ ಹಾಕಿದಳು.

ಬಂದೂಕಿನ ಅಂಗಡಿ

ಸ್ಟ್ಯಾನ್ಮೋರ್ ಎಂದರೆ ನೆಲದಡಿಯ ಟ್ಯೂಬ್ ರೈಲಿನ ಕೊನೆಯ ನಿಲ್ದಾಣ. ಅಲ್ಲಿಗೆ ಲಂಡನ್ ಮುಗಿಯಿತು ಎಂದು ರೈಲು ತಿಳಿದುಕೊಂಡಿದೆ, ಇಲ್ಲಿನ ನಗರಸಭೆಯಾದ ಕೌನ್ಸಿಲ್ಲಿನವರು ತಿಳಿದುಕೊಂಡಿಲ್ಲ. ದೊಡ್ಡ ದೊಡ್ಡ ಮನೆಗಳ ಹಿಂದೆ ಇನ್ನೂ ಲಂಡನ್ನಿಗೇ ಸೇರಿದ ಹುಲ್ಲುಗಾವಲುಗಳಿವೆ. ಶೆಟ್ಟರ ಹಿತ್ತಿಲಿನ ಬೇಲಿಯಾಚೆ ಡೆರೆಕ್ ಎಂಬ ಮುದುಕನ ಹೊಲ. ಆತ ಒಂದಿಷ್ಟು ಕುರಿ, ಕೋಳಿ ಸಾಕಿದ್ದಾನೆ. ಹೋಟೆಲಿಗೆ ಮೊಟ್ಟೆ ಅಲ್ಲಿಂದಲೇ. ಈ ವಸಂತದಲ್ಲಿ ಹುಟ್ಟಿದ ಮರಿಗಳನ್ನು ನರಿ ಹೊತ್ತೊಯ್ಯಲು ಶುರುಮಾಡಿತ್ತು. ಇನ್ನೂ ಹೀಗೇ ಆದರೆ ಕುರಿಯನ್ನೆಲ್ಲ ಮಾರಿ ಕೈತೊಳೆದುಕೊಳ್ಳುತ್ತೇನೆ ಎಂದು ಡೆರೆಕ್ ಹೇಳಿದ್ದ. ಶೆಟ್ಟರು ಕ್ಲಬ್ಬಿನಲ್ಲಿ ಗುರಿ ಹೊಡೆಯುವ ಲೈಸೆನ್ಸ್ ಇದ್ದವರು. ಊರಿನಲ್ಲಿ ಅವರ ತಂದೆ ಗದ್ದೆಗೆ ನುಗ್ಗುವ ಹಂದಿಗಾಗಿ ಕೋವಿ ಇಟ್ಟಿದ್ದರಂತೆ. ಹಾಗಾಗಿ ಡೆರೆಕ್‌ಗೆ ತಾವಾಗಿ ಮಾತು ಕೊಟ್ಟುಬಿಟ್ಟಿದ್ದರು.

ಆದರೆ ಈ ದೇಶದಲ್ಲಿ "ನನಗೊಂದು ಬಂದೂಕು ಕೊಡಿ" ಎಂದರೆ ನಡೆಯುವುದಿಲ್ಲ. ಯಾವ ಅಳತೆಯ ತೋಟಾ, ಯಾವ ಪ್ರಾಣಿಗೆ, ಯಾವ ಹೊಲದಲ್ಲಿ, ಯಾಕೆ ಅದೇ ಬೇಕು, ಎಲ್ಲಕ್ಕೂ ಪೊಲೀಸರ ಮುಂದೆ ಉತ್ತರ ಇರಬೇಕು. ಪೊಲೀಸರು ಹೊಲವನ್ನೂ ಬಂದು ನೋಡುತ್ತಾರೆ. ನಮ್ಮಲ್ಲಿ ಹುಡುಗಿ ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ.

ಅಂಗಡಿ ಊರಾಚೆ ಒಂದು ಹಳ್ಳಿಯಲ್ಲಿತ್ತು. ನಾನು ಬಂದೂಕು ಹತ್ತಿರದಿಂದ ಕಂಡದ್ದು ಬ್ಯಾಂಕಿನ ಬಾಗಿಲಲ್ಲಿ ಕೂತ ಗಾರ್ಡಿನ ತೊಡೆಯ ಮೇಲೆ ಮಾತ್ರ. ಇಲ್ಲಿ ಗೋಡೆ ತುಂಬಾ ಬಂದೂಕು, ನೆಲದ ಮೇಲೆ ಗೊರಕೆ ಹೊಡೆಯುವ ನಾಯಿ. ಟೈ ಕಟ್ಟಿದ ಮಾಲೀಕ ನಾಯಿಯನ್ನು ಎಬ್ಬಿಸದೆ ಅದರ ಮೇಲಿಂದ ದಾಟಿ ಬಂದ. ನಾನು ದಾಟಲು ಹೋಗಿ ಅದರ ಬಾಲ ತುಳಿದೆ. ನಾಯಿ ಏನೂ ಅನ್ನಲಿಲ್ಲ, ಮಾಲೀಕ ನನಗೆ ಸಾರಿ ಹೇಳಿದ. ತುಳಿದವಳು ನಾನು, ಸಾರಿ ಅವನದು. ಈ ಊರಿನ ರೀತಿಯೇ ಹಾಗೆ.

ಹಸಿರು ಬಟ್ಟೆ ಹಾಸಿ ನಾಲ್ಕು ತೋಟಾ ನಿಲ್ಲಿಸಿದ. ಹಿತ್ತಾಳೆಯ ಕೊಳವೆ, ಒಳಗೆ ಮದ್ದು, ತುದಿಯಲ್ಲಿ ಗುಂಡು. ಎಲ್ಲದರ ಬಾಳು ಇಷ್ಟೇ. ಮೊದಲನೆಯದು ಪಾಯಿಂಟ್ ಟೂಟೂ, ಸಿಪ್ಪೆ ಸುಲಿಯದ ಶೇಂಗಾದಷ್ಟು, ಮೊಂಡು ಸೀಸದ ಮೂತಿ. ಮೊಲಕ್ಕೆ ಸಾಕು. ಎರಡನೆಯದು ಸೆವೆಂಟೀನ್, ದಬ್ಬಣದ ಮೊನೆಯಂಥ ಗುಂಡು, ಬಹಳ ವೇಗ, ಆದರೆ ಹಗುರ. ಗಾಳಿ ಬೀಸಿದರೆ ಪಕ್ಕಕ್ಕೆ ಸರಿಯುತ್ತದೆ. ಮೂರನೆಯದು ಹಾರ್ನೆಟ್, ಕಣಜದ ಹೆಸರು, ಹಳೆಯ ಕಾಲದ್ದು, ಸಣ್ಣ ಸೊಂಟದ್ದು. ನಾಲ್ಕನೆಯದು ಟೂಟೂ ತ್ರೀ, ನನ್ನ ಕಿರುಬೆರಳಿನಷ್ಟು, ಸೈನ್ಯದ ವಂಶದಿಂದ ಬಂದದ್ದು.

ಶೆಟ್ಟರ ಕೈ ನೇರ ನಾಲ್ಕನೆಯದಕ್ಕೆ ಹೋಯಿತು. "ಇದೇ ಆಯ್ಲಿ. ನರಿ ಅಲ್ಲ, ನರಿ ಅಪ್ಪನೂ ಬೀಳ್ತ್."

"ನರಿ ಬೀಳತೈತ್ರಿ ಶೆಟ್ಟರ. ಆದ್ರ ಗುಂಡಿಗೆ ಇನ್ನೂ ದಮ್ಮಿರತೈತಿ. ಅದು ಮುಂದೆಲ್ಲಿ ಹೋಗ್ಬೇಕು?"

"ಹಂಗಾರ್ ಸಣ್ಣದ್ ತಕಂತೆ. ಸಣ್ಣದ್ ಅಂದ್ರೆ ಅಪಾಯ ಇಲ್ಲ ಅಲ್ದಾ?"

ಇಲ್ಲಿ ನನಗೆ ತರಗತಿಗಿಂತ ಮೊದಲು ಅಪ್ಪನ ಕವಣೆ ನೆನಪಾಯಿತು. ಕುರಿ ಕಾಯುವಾಗ ನಾವು ಕಲ್ಲುಗಳನ್ನು ಎರಡು ಗುಂಪು ಮಾಡಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದೆವು. ಹಳ್ಳದ ನುಣುಪು ಗುಂಡುಕಲ್ಲು ಒಂದು ಕಡೆ, ಒಣಗಿದ ಎರೆಮಣ್ಣಿನ ಹೆಂಟೆ ಇನ್ನೊಂದು ಕಡೆ. ಗುಂಡುಕಲ್ಲು ನೆಲಕ್ಕೆ ಬಡಿದರೆ ಅಲ್ಲಿಗೆ ಮುಗಿಯುವುದಿಲ್ಲ, ಪುಟಿದು ಎತ್ತಲೋ ಹಾರುತ್ತದೆ. ಹೆಂಟೆ ಬಡಿದಲ್ಲೇ ಪುಡಿ. ತೋಳಕ್ಕೆ ಹೊಡೆಯುವಾಗ ಅಪ್ಪ ಮೊದಲು ತೋಳವನ್ನು ನೋಡುತ್ತಿರಲಿಲ್ಲ, ತೋಳದ ಹಿಂದೆ ನೋಡುತ್ತಿದ್ದ. ಯಾಕೆಂದರೆ ತೋಳದ ಹಿಂದೆ ಯಾವಾಗಲೂ ನಮ್ಮದೇ ಕುರಿ ನಿಂತಿರುತ್ತದೆ.

ಇದನ್ನೇ ನನ್ನ ಇಂಗ್ಲಿಷಿನಲ್ಲಿ ಅಂಗಡಿಯವನಿಗೆ ಹೇಳಿದೆ. ನಿಧಾನದ ಮೊಂಡು ಸೀಸ ಗುಂಡುಕಲ್ಲಿನ ಹಾಗೆ ಪುಟಿಯುತ್ತದಲ್ಲವೇ? ವೇಗದ, ತೆಳು ಕವಚದ ಹಗುರ ಗುಂಡು ಹೆಂಟೆಯ ಹಾಗೆ ಒಡೆಯುತ್ತದಲ್ಲವೇ? ಆತ ಹುಬ್ಬು ಏರಿಸಿ, "ಬಹುಮಟ್ಟಿಗೆ ಹೌದು, ಆದರೂ ಯಾವುದನ್ನೂ ನಂಬಬೇಡಿ" ಎಂದ. ನಂತರದ ಕೆಲಸ ಲೆಕ್ಕದ್ದು. ಕಾಗದದ ಚೀಲದ ಮೇಲೆ ಬರೆದು ತೋರಿಸಿದೆ. ತೂಕ ಇಮ್ಮಡಿಯಾದರೆ ಶಕ್ತಿ ಇಮ್ಮಡಿ, ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟು. ಪಾಯಿಂಟ್ ಟೂಟೂ ನರಿಯನ್ನು ಕೊಲ್ಲದೆ ಗಾಯ ಮಾಡಿ ಕಳಿಸಬಹುದು. ಸೆವೆಂಟೀನ್ ಬಹಳ ಹತ್ತಿರಕ್ಕೆ ಮಾತ್ರ. ಟೂಟೂ ತ್ರೀಯ ಸದ್ದಿಗೆ ಬೀದಿಯ ಮಕ್ಕಳೆಲ್ಲ ಏಳುತ್ತಾರೆ, ಅದರ ಓಟ ಡೆರೆಕ್‌ನ ಹೊಲಕ್ಕೆ ಹೆಚ್ಚಾಯಿತು. ಉಳಿದದ್ದು ಹಾರ್ನೆಟ್. ಒಂದು ಚಿಕ್ಕ ಹೊಲದ ಉದ್ದಕ್ಕೆ ಸಾಕಾಗುವಷ್ಟು ಕಸುವು, ಬಂದೂಕಿನ ಮೂತಿಗೆ ಸದ್ದು ತಗ್ಗಿಸುವ ಕೊಳವೆ ಹಾಕಿದರೆ ನೆರೆಯವರಿಗೂ ತಡೆಯಬಹುದಾದ ಸದ್ದು.

"ಹೋಟೆಲಿನಾಗ ಮಸಾಲಿ ಹಾಕ್ದಂಗ ಶೆಟ್ಟರ. ಖಾರ ಕಮ್ಮಿ ಆದ್ರೂ ಕೆಟ್ಟದ್ದು, ಹೆಚ್ಚಾದ್ರೂ ಕೆಟ್ಟದ್ದು."

"ಅದ್ ಸಮಾ," ಎಂದು ಶೆಟ್ಟರು ನಾಲ್ಕನೆಯದನ್ನು ಮನಸ್ಸಿಲ್ಲದೆ ಕೆಳಗಿಟ್ಟರು. ವಾಪಸ್ ಬರುವಾಗ ಕಾರಿನಲ್ಲಿ ಪೊಲೀಸರಿಗೆ ಕೊಡುವ ಉತ್ತರವನ್ನು ಎಸ್ಸೆಸ್ಸೆಲ್ಸಿ ಹುಡುಗನ ಹಾಗೆ ಬಾಯಿಪಾಠ ಮಾಡುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ ಕೂತು ತಪ್ಪು ತಿದ್ದುತ್ತಿದ್ದೆ. ಅವತ್ತು ನನಗೆ ನನ್ನ ಡಿಗ್ರಿಯ ಮೇಲೆ ಬಹಳ ಅಭಿಮಾನ ಬಂತು.

ಡೆರೆಕ್‌ನ ಹೊಲ

ಮಂಗಳವಾರ ಪೊಲೀಸ್ ಇಲಾಖೆಯ ಹೆಣ್ಣುಮಗಳೊಬ್ಬಳು ಹೊಲ ನೋಡಲು ಬಂದಳು. ಯೂನಿಫಾರ್ಮ್ ಇಲ್ಲ, ಮೊಣಕಾಲಿನವರೆಗೆ ರಬ್ಬರ್ ಬೂಟು. ನನ್ನ ಕಾಲಲ್ಲಿ ಬೆಂಗಳೂರಿನಲ್ಲಿ ಕೊಂಡ ಹೊಸ ವಾಕಿಂಗ್ ಶೂ. ಗೇಟು ದಾಟುತ್ತಲೇ ಅವು ಕುರಿಹಿಕ್ಕೆಯ ಕೆಸರಿನಲ್ಲಿ ಹೂತವು. ಡೆರೆಕ್ ನೋಡಿ, "ಇವತ್ತು ಸ್ವಲ್ಪ ತೇವ" ಎಂದ. ಹೊಲದಲ್ಲಿ ಕೋಣ ಮಲಗುವಷ್ಟು ನೀರು ನಿಂತಿತ್ತು. ಇವರ 'ಸ್ವಲ್ಪ'ಕ್ಕೆ ಅರ್ಥ ಹುಡುಕುವುದು ನನ್ನ ಪ್ರವಾಸದ ಉದ್ದಕ್ಕೂ ಮುಗಿಯಲಿಲ್ಲ.

ಅಪರಿಚಿತರನ್ನು ಕಂಡರೂ ಅವನ ಕುರಿಗಳು ಬೆದರಲಿಲ್ಲ. ದಪ್ಪಗೆ, ಬಿಳಿ ರಜಾಯಿ ಹೊದ್ದ ಹಾಗೆ ಇದ್ದವು. ಮರಿಗಳ ಹೊಕ್ಕುಳು ಇನ್ನೂ ಒಣಗಿರಲಿಲ್ಲ. ಕೈ ತಡೆಯಲಾರದೆ ಒಂದನ್ನು ಎತ್ತಿಕೊಂಡೆ. ಡೆರೆಕ್ ನಾನು ಹಿಡಿದ ರೀತಿ ನೋಡಿ, "ನೀವು ಟೀಚರ್ ಎಂದರಲ್ಲ?" ಎಂದು ಕೇಳಿದ. "ಮೊದಲು ಕುರಿ, ಆಮೇಲೆ ಟೀಚರ್" ಎಂದೆ.

ಪೊಲೀಸಿನಾಕೆ ಶೆಟ್ಟರನ್ನು ಕೇಳಿದಳು, ಯಾವ ತೋಟಾ?

ಶೆಟ್ಟರು ಪಾಠ ಒಪ್ಪಿಸಿದರು. ಹಾರ್ನೆಟ್, ಇಂಥ ಕಾರಣಕ್ಕೆ. ನಡುವೆ ಒಂದು ಕಡೆ ತಡವರಿಸಿ ನನ್ನ ಮುಖ ನೋಡಿದರು, ನಾನು ಮೋಡ ನೋಡಿದೆ. ಆಕೆ ತಲೆಯಾಡಿಸಿದಳು.

"ಒಳ್ಳೆಯ ಆಯ್ಕೆ. ನೀವು ಎಲ್ಲಿ ನಿಲ್ಲುತ್ತೀರಿ?"

"ಕೊಟ್ಟಿಗೆಯ ಪಕ್ಕ."

"ನರಿ ಎಲ್ಲಿಂದ ಬರುತ್ತದೆ?"

ಡೆರೆಕ್ ಕೈ ತೋರಿಸಿದ. ಕೆಳಗಿನ ಬೇಲಿಯಲ್ಲಿ ಒಂದು ಕಂಡಿ, ಅಲ್ಲಿಂದ ಮರಿಗಳ ದೊಡ್ಡಿಯವರೆಗೆ ಹುಲ್ಲು ಮಲಗಿದ ಸಣ್ಣ ಜಾಡು. ನಾನು ಜಾಡು ಹಿಡಿದು ಇಳಿದೆ. ಕೆಸರಿನಲ್ಲಿ ಹೆಜ್ಜೆ ಸ್ಪಷ್ಟವಾಗಿತ್ತು. ಮೂರು ಪಾದ ಆಳ, ಒಂದು ಇಲ್ಲವೇ ಇಲ್ಲ. ಕಂಡಿಯ ಆಚೆ ಏನಿದೆ ಎಂದು ಬಗ್ಗಿ ನೋಡಿದರೆ ಒಂದು ಹಿತ್ತಿಲು, ಒಂದು ತುಳಸಿ ಕುಂಡ, ಗಾಜಿನ ಬಾಗಿಲು, ಅದರ ಮುಂದೆ ಸ್ಟೀಲ್ ತಟ್ಟೆ.

ಪೊಲೀಸಿನಾಕೆ ನನ್ನ ಹಿಂದೆಯೇ ಬಂದು ನಿಂತಿದ್ದಳು. "ಗುಂಡಿನ ದಾರಿಯಲ್ಲಿ ನರಿಯ ಹಿಂದೆ ಇರುವುದು ಆ ಅಡುಗೆಮನೆ. ಅದು ಯಾರದು?"

ಶೆಟ್ಟರು ತಮ್ಮದೇ ಗಾಜಿನ ಬಾಗಿಲನ್ನು ನೋಡಿದರು. "ನನ್ನದು."

"ಹಾಗಾದರೆ ಇಲ್ಲಿಗೆ ಯಾವ ತೋಟಾವೂ ಸರಿಯಲ್ಲ," ಎಂದಳು. ದನಿ ಏರಿಸಲಿಲ್ಲ.

ಡೆರೆಕ್ ಅಷ್ಟು ಹೊತ್ತು ಬೂಟಿನಿಂದ ಮಣ್ಣು ಕೆದಕುತ್ತಾ ನಿಂತಿದ್ದ. "ಇನ್ನೊಂದು ವಿಚಿತ್ರ ಇದೆ. ಯಾರೋ ನನ್ನ ಹೊಲದಲ್ಲಿ ಡೋನಟ್ ಹೂಳುತ್ತಾರೆ. ಶಾಲೆ ಮಕ್ಕಳ ತುಂಟತನ ಅಂದುಕೊಂಡಿದ್ದೇನೆ." ಬೂಟಿನ ತುದಿಗೆ ಸಿಕ್ಕಿದ್ದನ್ನು ಎತ್ತಿ ನನ್ನ ಕೈಗೆ ಕೊಟ್ಟ. ಕೆಸರು ಮೆತ್ತಿದ ಉಂಗುರ, ನಡುವೆ ತೂತು. ಮುರಿದೆ. ಒಳಗೆ ಒಂದು ಕಾಳುಮೆಣಸು, ಒಂದು ಚೂರು ಕೊಬ್ಬರಿ, ಅರ್ಧ ಕರಿಬೇವಿನ ಎಲೆ.

ಆ ಗಳಿಗೆಯಲ್ಲಿ ಅದೇನೆಂದು ಗೊತ್ತಿದ್ದವರು ನಾನು, ಶೆಟ್ಟರು ಇಬ್ಬರೇ. ನಾನು ಸುಮ್ಮನಿದ್ದೆ, ಅದು ನನ್ನ ಮನೆಯ ವಡೆಯಲ್ಲ. ಶೆಟ್ಟರು ಒಂದು ಮಾತು ನುಂಗಿಕೊಂಡಿದ್ದರೆ ಶಾಲೆ ಮಕ್ಕಳ ತಲೆಗೇ ಹೋಗುತ್ತಿತ್ತು. ಹೇಳಿದರೆ ಡೆರೆಕ್‌ನ ಹೊಲವೂ, ಇಷ್ಟು ವರ್ಷದ ನಂಬಿಕೆಯೂ ಕೈಬಿಡುವ ಹಾಗಿತ್ತು.

"ಡೆರೆಕ್, ಅದು ನಮ್ಮ ಹೋಟೆಲಿಂದು," ಎಂದರು. "ಹೆಂಡತಿ ಒಂದು ಕುಂಟ ನರಿಗೆ ಹಾಕುತ್ತಾಳೆ. ಅದು ಇದೇ ನರಿ ಎಂದು ನನಗೆ ಗೊತ್ತಿರಲಿಲ್ಲ. ನಿನ್ನ ಮರಿ ತಿಂದದ್ದು ನನ್ನ ಮನೆಯಲ್ಲಿ ಉಂಡ ನರಿ."

ಹೊಟ್ಟೆ ತುಂಬಿದಾಗ ಉಳಿದದ್ದನ್ನು ಹೂತಿಡುವುದು ನರಿಯ ಬುದ್ಧಿ. ತಟ್ಟೆಯಿಂದ ದೊಡ್ಡಿಗೆ, ದೊಡ್ಡಿಯಿಂದ ತಟ್ಟೆಗೆ, ಅದಕ್ಕೆ ನಾವೇ ದಾರಿ ಹಾಕಿಕೊಟ್ಟಿದ್ದೆವು.

ಡೆರೆಕ್ ವಡೆಯ ಚೂರನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದ. ಆಮೇಲೆ ಕೇಳಿದ್ದು ಒಂದೇ. "ಮುಂದಿನ ಎಡಗಾಲಾ?"

"ಹೌದು."

"ಅದು ನನ್ನ ಕೆಲಸ. ಅಕ್ಟೋಬರಿನಲ್ಲಿ. ಮೊಲದ ತೋಟಾದಲ್ಲಿ ಹೊಡೆದೆ, ಸಾಕಾಗುತ್ತದೆ ಎಂದುಕೊಂಡೆ. ಸಾಕಾಗಲಿಲ್ಲ. ಎರಡು ದಿನ ಹುಡುಕಿದೆ." ಅವನು ದೊಡ್ಡಿಯ ಕಡೆ ತಿರುಗಿದ. "ನಾಲ್ಕು ಕಾಲಿದ್ದಾಗ ಅದು ನನ್ನ ಮರಿಗಳಿಗೆ ಬಂದದ್ದೇ ಇಲ್ಲ."

ಪೊಲೀಸಿನಾಕೆ ಹೊಲದ ಮೇಲ್ಗಡೆ ನೋಡುತ್ತಿದ್ದಳು. ಅಲ್ಲಿ ಹಳೆಯ ಮಣ್ಣಿನ ದಿಬ್ಬವಿದೆ, ಆಳೆತ್ತರಕ್ಕೂ ಹೆಚ್ಚು. "ನರಿ ಆ ದಿಬ್ಬದ ಬುಡಕ್ಕೆ ಬರುವ ಹಾಗೆ ಮಾಡಿದರೆ, ನೀವು ಈ ಕಡೆಯಿಂದ ಹೊಡೆದರೆ, ಹಾರ್ನೆಟ್ಟಿಗೆ ನನ್ನ ಆಕ್ಷೇಪವಿಲ್ಲ. ಹೇಗೆ ಬರಿಸುತ್ತೀರಿ ಎನ್ನುವುದು ನಿಮಗೆ ಬಿಟ್ಟದ್ದು."

ಹೇಗೆ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಹೊಳೆದಿತ್ತು. ಅದನ್ನು ಗಿರಿಜಾಗೆ ಯಾರು ಹೇಳುವುದು ಎನ್ನುವುದು ಮಾತ್ರ ಹೊಳೆಯಲಿಲ್ಲ.

ಮತ್ತೆ ಅಡುಗೆಮನೆ

ಸಂಜೆ ಗಿರಿಜಾ ಕೌನ್ಸಿಲ್ ಆಫೀಸಿನ ಕೆಲಸ ಮುಗಿಸಿ ಬಂದಳು. ನಾನು ಸಾರಿಗೆ ಒಗ್ಗರಣೆ ಹಾಕಿದೆ, ಹೊಗೆಗೆ ಚಾವಣಿಯ ಅಲಾರಾಂ ಕೂಗಿಕೊಂಡಿತು. ಶೆಟ್ಟರು ಟವೆಲ್ ಬೀಸಿ ಅದನ್ನು ಸುಮ್ಮನಾಗಿಸಿದರು. ಬೀಸುವುದನ್ನು ನಿಲ್ಲಿಸದೆಯೇ ಹೇಳಿಬಿಟ್ಟರು, ಜಾಡು, ವಡೆ, ದಿಬ್ಬ, ಎಲ್ಲ.

"ಅಂದ್ರೆ ನಾನ್ ವಡೆ ಇಟ್ಟು ಕರೀಬೇಕು, ನೀವ್ ಹೊಡೀಬೇಕು."

"ಗಿರಿಜಾ, ನೀ ಬ್ಯಾಡ ಅಂದ್ರೆ ನಾ ಬಿಟ್ಟೆ. ಡೆರೆಕ್‌ಗೆ ಹೇಳ್ತೆ."

"ಬಿಟ್ರೆ ಕುರಿ ಮಾರ್ತಾನಲ್ಲ ಅವ್ನು."

ಶೆಟ್ಟರು ಟವೆಲ್ ಮಡಚಿಟ್ಟರು. ಗಿರಿಜಾ ನನ್ನ ಕಡೆ ತಿರುಗಿದಳು. "ನಾಳಿದ್ದು ಗುರುವಾರ ಕಣೆ. ಗೊತ್ತು, ನೀನು ಎಂಎಸ್ಸಿ, ನಾನೂ ಎಂಎಸ್ಸಿ. ಆದ್ರೂ."

"ನಾ ಏನೂ ಅಂದಿಲ್ಲವಾ."

"ಅದು ಮಲಗೋದು ನೋಡಿದ್ದೀಯಾ? ಒಂದೇ ಮಗ್ಗುಲಿಗೆ ಮಲಗ್ತದೆ. ಇನ್ನೊಂದು ಮಗ್ಗುಲಿಗೆ ತಿರುಗಿದ್ರೆ ಎದ್ಬಿಡ್ತದೆ." ಅವಳ ಬಲಗೈ ತಾನಾಗಿ ಆಪರೇಷನ್ ಆದ ಕಡೆಗೆ ಹೋಗಿ ನಿಂತಿತ್ತು. "ನಂಗೆ ಗೊತ್ತಾಗ್ತದೆ ಅದು. ಇವರ ಹಾರ್ನೆಟ್ಟೋ ಗೀರ್ನೆಟ್ಟೋ, ಅದು ಬಿದ್ರೆ ನರಿಗೆ ಗೊತ್ತಾಗ್ತದಾ?"

ಸಮಾಧಾನಕ್ಕೆ ಏನಾದರೂ ಹೇಳಬಹುದಿತ್ತು. ನನಗೆ ಆ ವಿದ್ಯೆ ಬರುವುದಿಲ್ಲ. "ಎದಿಗೆ ಸರಿಯಾಗಿ ಬಿದ್ರ ಸದ್ದು ಕಿವಿಗೆ ಬರೂದ್ರಾಗ ಮುಗದಿರತೈತಿ. ಸರಿಯಾಗಿ ಬೀಳ್ಲಿಲ್ಲ ಅಂದ್ರ ಇನ್ನೊಂದು ಕಾಲು ಹೋಗತೈತಿ. ತೋಟಾ ಸರಿ ಐತಿ, ಗುರಿ ನಿನ್ನ ಗಂಡಂದು."

"ರೀ, ಕೇಳಿಸ್ತಾ?"

"ಕೇಳ್ತ್," ಎಂದರು ಶೆಟ್ಟರು.

ಮರುದಿನ ಬೆಳಗ್ಗೆ ಗಿರಿಜಾ ಅಡುಗೆಮನೆ ಮುಂದಿನ ತಟ್ಟೆಯನ್ನು ತೊಳೆದು ಒಳಗೆ ಕವುಚಿ ಹಾಕಿದಳು. ಡೆರೆಕ್‌ನ ಬೂಟು ಹಾಕಿಕೊಂಡು, ಕೆಸರಿನಲ್ಲಿ ಹೆಜ್ಜೆ ಕೀಳುತ್ತಾ ಹೋಗಿ, ದಿಬ್ಬದ ಬುಡದಲ್ಲಿ ವಡೆ ಇಟ್ಟು ಬಂದಳು. ತಟ್ಟೆ ಕಾಣದೆ ನರಿ ಒಂದಷ್ಟು ಹೊತ್ತು ಬಾಗಿಲ ಮುಂದೆ ಸುತ್ತಿತು. ನಾವು ಪರದೆ ಎಳೆದುಕೊಂಡು ಕೂತಿದ್ದೆವು.

ಗುರುವಾರ

ಅವತ್ತು ನರಿ ಅಡುಗೆಮನೆಗೆ ಬರಲಿಲ್ಲ. ಗಿರಿಜಾ ಮಹಡಿಯ ಕಿಟಕಿಯಿಂದ ನೋಡಿದಳು. ದೂರದ ದಿಬ್ಬದ ಬುಡದಲ್ಲಿ ಕೆಂಪು ಚುಕ್ಕೆಯೊಂದಿತ್ತು. ದಿಬ್ಬದ ಕಡೆ ಮುಖ ಮಾಡಿ ತಿನ್ನುತ್ತಿದ್ದುದರಿಂದ ನಮಗೆ ಕಂಡದ್ದು ಬಾಲದ ಬಿಳಿ ಮಾತ್ರ.

"ಮುಖ ಕಾಣಿಸ್ತಿಲ್ಲ ಕಣೆ."

"ಕೂಗಲೇನು?"

"ಬ್ಯಾಡ. ತಿನ್ಲಿ ಬಿಡು."

ಆಸ್ಪತ್ರೆಯಲ್ಲಿ ಎಲ್ಲರೂ ಸದ್ದಿಲ್ಲದೆ ಕೂತಿದ್ದರು. ನಮ್ಮ ಜಿಲ್ಲಾಸ್ಪತ್ರೆಯಲ್ಲಾದರೆ ಅಷ್ಟು ಹೊತ್ತಿಗೆ ಪಕ್ಕದವರ ಕಾಯಿಲೆ, ಊರು, ಅಳಿಯನ ಕುಡಿತ ಎಲ್ಲ ತಿಳಿದಿರುತ್ತಿತ್ತು. ಇಲ್ಲಿ ಒಬ್ಬರ ಮುಖ ಇನ್ನೊಬ್ಬರು ನೋಡುವುದೂ ಮರ್ಯಾದೆಯಲ್ಲ. ಗಿರಿಜಾಳ ಕೈ ನನ್ನ ಕೈಯಲ್ಲಿತ್ತು. ಒಳಗೆ ಕರೆದರು. ಹೋದಳು. ನಾನು ಎದುರಿನ ಗೋಡೆಯ ಮೇಲಿನ ಹೂವಿನ ಚಿತ್ರ ನೋಡುತ್ತಾ ಕೂತೆ. ಆ ಹೂವಿನ ದಳಗಳನ್ನು ಈಗಲೂ ಬರೆದು ತೋರಿಸಬಲ್ಲೆ.

ಫಲಿತಾಂಶ ಬಂದದ್ದು ನಾನು ಹೊರಡುವ ಹಿಂದಿನ ದಿನ. ಏನೂ ಇಲ್ಲ, ಎಲ್ಲ ಚೆನ್ನಾಗಿದೆ ಎಂದರು. ಶೆಟ್ಟರು ಹೋಟೆಲಿನಿಂದ ಮೈಸೂರುಪಾಕು ತಂದರು. ನಾನು ಗಿರಿಜಾಗೆ ಕೇಳಿದೆ, "ಅವತ್ತು ಯಾರ ಮುಖ ನೋಡಿ ಹೋಗಿದ್ದಿ?"

"ನಿಂದೇ ಕಣೆ. ಎದ್ದಾಗ ಪಕ್ಕದಲ್ಲಿ ಬಾಯಿ ಬಿಟ್ಕೊಂಡು ಮಲಗಿದ್ದೆಯಲ್ಲ."

ಆಮೇಲೆ ಅವಳು ದಿಬ್ಬದ ಕಡೆ ನೋಡಿದಳು. ನಾನೂ ನೋಡಿದೆ. ಅಲ್ಲಿ ಏನೂ ಇರಲಿಲ್ಲ.

ಕುಷ್ಟಗಿ ರಸ್ತೆಯ ಹಟ್ಟಿ

ಇಂಗ್ಲೆಂಡಿನ ಪೊಲೀಸರಿಗೆ ಅವಸರವಿಲ್ಲ. ಶೆಟ್ಟರ ಕೈಗೆ ಹಾರ್ನೆಟ್ಟಿನ ಪರವಾನಗಿ ಬರುವ ಹೊತ್ತಿಗೆ ಅಲ್ಲಿ ಎಲೆ ಉದುರುತ್ತಿದ್ದವು, ಇಲ್ಲಿ ದೀಪಾವಳಿ. ಅಲ್ಲಿಯವರೆಗೂ ಗಿರಿಜಾ ದಿನಾ ದಿಬ್ಬದ ಬುಡಕ್ಕೇ ವಡೆ ಇಡುತ್ತಿದ್ದಳು. ನಾನು ಅಪ್ಪನ ಕುರಿಹಟ್ಟಿಗೆ ಹೋಗಿದ್ದೆ. ಹಟ್ಟಿಯ ಗೂಟಕ್ಕೆ ಈಗಲೂ ಕವಣೆ ನೇತುಹಾಕಿರುತ್ತದೆ. ಕುರಿಗಳ ಕೊಂಬಿಗೆ ಬಣ್ಣ ಹಚ್ಚುತ್ತಿರುವಾಗ ಮೊಬೈಲ್ ಬಡಿದುಕೊಂಡಿತು.

"ನೀಲಕ್ಕ, ಆಯ್ತ್ ಕಾಣಿ," ಎಂದರು ಶೆಟ್ಟರು. "ಒಂದೇ ಗುಂಡು." ಹಿಂದಿನ ಸಲ ಊರಿನ ಹಂದಿಬೇಟೆಯ ಕಥೆಯನ್ನು ಅರ್ಧ ಗಂಟೆ ಹೇಳಿದ್ದವರು ಇದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಗಿರಿಜಾಗೆ ಫೋನ್ ಕೊಟ್ಟರು.

"ಡೆರೆಕ್ ದಿಬ್ಬದಲ್ಲೇ ಹೂತ. ಕುರಿ ಮಾರಲ್ವಂತೆ," ಎಂದಳು. ಆಮೇಲೆ, "ಇವತ್ತಿನ ವಡೆ ಹೋಟೆಲಿಂದಲ್ಲ ಕಣೆ. ಬೆಳಗ್ಗೆ ಎದ್ದು ರುಬ್ಬಿ ಬಿಸಿಬಿಸಿ ಮಾಡಿ ಇಟ್ಟಿದ್ದೆ" ಎಂದಳು.

ಅಪ್ಪ ಕಂಬಳಿಯ ನೂಲು ತೆಗೆಯುತ್ತಾ ಕೂತಿದ್ದ. ಯಾರವಾ ಅದು ಎಂದ. ಮೊದಲಿಂದ ಹೇಳಿದೆ. ಲಂಡನ್ನಿನ ಬಗ್ಗೆ ಅವನಿಗೆ ಏನೂ ಕೇಳುವುದಿರಲಿಲ್ಲ.

"ಓಡ್ತೇನು, ಅಲ್ಲೇ ಬಿತ್ತೇನು?"

"ಅಲ್ಲೇ ಬಿತ್ತಂತ."

"ಹಿಂದ ಏನಿತ್ತು?"

"ಮಣ್ಣಿನ ದಿಬ್ಬ."

ಅಪ್ಪ ಕದಿರು ತಿರುಗಿಸುವುದನ್ನು ನಿಲ್ಲಿಸಿದ. "ಕಲ್ಲು ಯಾರು ಆರಿಸಿದ್ರು?"

"ನಾನು," ಎಂದೆ.

"ಹೂಂ," ಎಂದ, ಮತ್ತೆ ಕದಿರು ತಿರುಗಿಸತೊಡಗಿದ.